ತೆರೆದದ್ದು ಡ್ಯಾಮೋ, ಗೇಟೋ? ಪರೀಕ್ಷೆಯ ಇಂಗ್ಲಿಷಿನಲ್ಲಿ ಕರ್ತೃ–ಕ್ರಿಯಾಪದ ಹೊಂದಾಣಿಕೆ

ಘಟಪ್ರಭೆಗೆ ಕಟ್ಟಿದ ಹಿಡಕಲ್ ಜಲಾಶಯದ ಬಗ್ಗೆ ಒಂದು ವಾಕ್ಯ: ‘ದಿ ಗೇಟ್ಸ್ ಆಫ್ ದಿ ಡ್ಯಾಮ್ ಈಸ್ ಓಪನ್.’ ತಪ್ಪು ಎಲ್ಲಿದೆ? ತೆರೆದಿರೋದು ಡ್ಯಾಮ್ ಅಲ್ಲ, ಗೇಟುಗಳು. ಹಾಗಾಗಿ ‘ಈಸ್’ ಅಲ್ಲ, ‘ಆರ್’.

ಎಸ್‌ಎಸ್‌ಸಿ, ಬ್ಯಾಂಕ್ ಪರೀಕ್ಷೆಗಳಲ್ಲಿ ಇಂಥ ಪ್ರಶ್ನೆ ಮಾಮೂಲಿ. ಸಿಜಿಎಲ್ ಮೊದಲ ಹಂತದ 200 ಅಂಕಗಳಲ್ಲಿ 50 ಇಂಗ್ಲಿಷಿನದ್ದು. ತಪ್ಪು ಉತ್ತರಕ್ಕೆ ಅರ್ಧ ಅಂಕ ಕಡಿತ. ಗೋಕಾಕ, ಮೂಡಲಗಿ, ಹುಕ್ಕೇರಿಯ ಕನ್ನಡ ಮಾಧ್ಯಮದವರು ಇಲ್ಲಿ ಎಡವಿದರೆ ಅದು ದಡ್ಡತನ ಅಲ್ಲ. ನಮ್ಮ ಭಾಷೆಯ ಲೆಕ್ಕವೇ ಬೇರೆ.

ಕನ್ನಡಿಗರು ಎಡವುವ ಕಡೆ

ಗೌರವ: ‘ಮುಖ್ಯಮಂತ್ರಿ ಬಂದಿದ್ದಾರೆ’ ಅಂತೀವಿ. ಇಂಗ್ಲಿಷಿನಲ್ಲಿ ಗೌರವಕ್ಕೆ ಬಹುವಚನ ಇಲ್ಲ: ‘ದಿ ಚೀಫ್ ಮಿನಿಸ್ಟರ್ ಹ್ಯಾಸ್ ಕಮ್.’

ಸಂಖ್ಯೆ: ‘ಎರಡು ಪುಸ್ತಕ ಇದೆ’ ಅಂದರೆ ಮಾತಿನಲ್ಲಿ ನಡೆಯುತ್ತೆ. ಇಂಗ್ಲಿಷಿಗೆ ‘ಬುಕ್ಸ್’ ಕೂಡ ಬೇಕು, ‘ಆರ್’ ಕೂಡ ಬೇಕು.

‘ಎಸ್’ ಅಕ್ಷರ: ಸಾಮಾನ್ಯವಾಗಿ ನಾಮಪದಕ್ಕೆ ಸೇರಿದರೆ ಬಹುವಚನ, ವರ್ತಮಾನದ ಕ್ರಿಯಾಪದಕ್ಕೆ ಸೇರಿದರೆ ಏಕವಚನ. ‘ದಿ ಕೆನಾಲ್ ರನ್ಸ್’, ‘ದಿ ಕೆನಾಲ್ಸ್ ರನ್’.

ಪ್ರಶ್ನೆ ತೆಗೆಯುವವರ ಬಲೆಗಳು

- ‘ಅಲಾಂಗ್ ವಿತ್’, ‘ಆಸ್ ವೆಲ್ ಆಸ್’ ಜೊತೆ ಬಂದವರನ್ನು ಎಣಿಸಬೇಡಿ: ‘ದಿ ಎಂಜಿನಿಯರ್, ಅಲಾಂಗ್ ವಿತ್ ದಿ ಫಾರ್ಮರ್ಸ್, ಈಸ್ ವೇಟಿಂಗ್.’
- ‘ಈಚ್ ಆಫ್’, ‘ಒನ್ ಆಫ್’ ಏಕವಚನ: ‘ಒನ್ ಆಫ್ ದಿ ವಿಲೇಜಸ್ ಈಸ್ ಡ್ರೈ.’
- ‘ನೈದರ್–ನಾರ್’, ‘ಐದರ್–ಆರ್’ ಇದ್ದರೆ ಕ್ರಿಯಾಪದಕ್ಕೆ ಹತ್ತಿರದ ಕರ್ತೃವೇ ಲೆಕ್ಕ.
- ‘ಎ ನಂಬರ್ ಆಫ್’ ಬಹುವಚನ, ‘ದಿ ನಂಬರ್ ಆಫ್’ ಏಕವಚನ.
- ಹಣ, ದೂರ ಒಟ್ಟು ಮೊತ್ತವಾದರೆ ಏಕವಚನ: ‘ಟೆನ್ ಥೌಸಂಡ್ ರುಪೀಸ್ ಈಸ್ ನಾಟ್ ಎನಫ್.’

ಗೊಂದಲವಾದರೆ ಕನ್ನಡ ಮೇಷ್ಟ್ರು ಹೇಳಿಕೊಟ್ಟ ದಾರಿಯೇ ಸಾಕು. ಮೊದಲು ಕ್ರಿಯಾಪದ ಹಿಡಿಯಿರಿ, ಅದಕ್ಕೆ ‘ಯಾರು? ಯಾವುದು?’ ಅಂತ ಕೇಳಿ. ಉತ್ತರವಾಗಿ ಬಂದ ಪದ ಇಟ್ಟುಕೊಂಡು, ನಡುವಿನದ್ದನ್ನೆಲ್ಲ ಹೊಡೆದುಹಾಕಿ.

ಇನ್ನು ರಾಜಕೀಯದ ಮಾತು. 2023ರಲ್ಲಿ ಎಸ್‌ಎಸ್‌ಸಿಯ ಎಂಟಿಎಸ್ ಪರೀಕ್ಷೆ ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಿಗೆ ತೆರೆಯಿತು. ಸಿಜಿಎಲ್‌ನಲ್ಲಿ ಮಾತ್ರ ಗಣಿತದ ಪ್ರಶ್ನೆಯನ್ನೂ ಇಂಗ್ಲಿಷ್ ಇಲ್ಲವೇ ಹಿಂದಿಯಲ್ಲೇ ಓದಬೇಕು. ಹಿಂದಿಯವರಿಗೆ ಅದು ಮನೆಮಾತು, ನಮಗೆ ಅದೂ ಒಂದು ಪರೀಕ್ಷೆ. ಈ ಅನ್ಯಾಯವನ್ನು ಪ್ರಶ್ನಿಸುತ್ತಲೇ ಇರೋಣ. ಆದರೆ ಹೋರಾಟ ಗೆಲ್ಲೋವರೆಗೆ ವಯೋಮಿತಿ ಕಾಯಲ್ಲ. ಅಲ್ಲಿತನಕ ‘ಈಸ್’ ಎಲ್ಲಿ, ‘ಆರ್’ ಎಲ್ಲಿ ಅನ್ನೋದು ಗೊತ್ತಿರಲಿ.