ಮೇಲ್ಮೈಯ ಒಡೆಯ ಮತ್ತು ಒಡಲಿನ ಒಡೆಯ: ಅಮೆರಿಕದ ಎಣ್ಣೆನೆಲದ ಒಡಂಬಡಿಕೆಗಳು

ವಿಜಯನಗರ ಕಾಲದ ದಾನಶಾಸನಗಳನ್ನು ಓದಿದವರಿಗೆ ನಿಧಿ, ನಿಕ್ಷೇಪ, ಜಲ, ಪಾಷಾಣ ಮೊದಲಾದ ಅಷ್ಟಭೋಗಗಳ ಪಟ್ಟಿ ಚಿರಪರಿಚಿತವಾದುದು. ಭೂಮಿಯನ್ನು ಕೊಡುವಾಗ ಅದರ ಒಡಲಲ್ಲಿರುವುದನ್ನೂ ಹೆಸರಿಸಿ ಕೊಡಬೇಕೆಂಬ ಎಚ್ಚರಿಕೆ ಅಲ್ಲಿದೆ. ಅಮೆರಿಕ ಸಂಯುಕ್ತ ಸಂಸ್ಥಾನದ ಸರ್ಕಾರವು ತನ್ನ ಪಶ್ಚಿಮ ಭಾಗದ ಭೂಮಿಯನ್ನು ಹಂಚುವಾಗ ಇದಕ್ಕೆ ತೀರ ವಿರುದ್ಧವಾದ ಎಚ್ಚರಿಕೆಯನ್ನು ವಹಿಸಿತು. 1916ರ ಪಶುಪಾಲನಾ ಹೋಮ್‌ಸ್ಟೆಡ್ ಕಾಯಿದೆಯಂತೆ ನೆಲೆಗಾರನೊಬ್ಬನಿಗೆ 640 ಎಕರೆಗಳವರೆಗೆ ಭೂಮಿ ದೊರೆಯಿತು. ಖನಿಜಗಳು ಮಾತ್ರ ಸರ್ಕಾರದಲ್ಲಿಯೇ ಉಳಿದವು. ಟೆಕ್ಸಾಸಿನಂಥ ರಾಜ್ಯಗಳಲ್ಲಿ ಖಾಸಗಿ ಮಾಲಿಕರೇ ಖನಿಜವನ್ನು ಉಳಿಸಿಕೊಂಡು ನೆಲವನ್ನು ಮಾರಿದುದರಿಂದ ಅಲ್ಲಿಯೂ ಇದೇ ಸ್ಥಿತಿ ಒದಗಿತು.

ಎಣ್ಣೆ ತೆಗೆಯುವವನು ಬಾವಿ ಕೊರೆಯುವುದಕ್ಕೂ ದಾರಿ ಮಾಡುವುದಕ್ಕೂ ಬೇಕಾದಷ್ಟು ಮೇಲ್ಮೈಯನ್ನು ಬಳಸಬಹುದೆಂಬುದು ನ್ಯಾಯಾಲಯಗಳ ನಿಲುವಾಗಿತ್ತು. 1916ರ ಕಾಯಿದೆಯು ಅವನ ಮುಂದೆ ಮೂರು ಮಾರ್ಗಗಳನ್ನಿಟ್ಟಿತು: ಭೂಮಾಲಿಕನ ಲಿಖಿತ ಒಪ್ಪಿಗೆಯನ್ನು ಪಡೆಯುವುದು, ಬೆಳೆ ಮತ್ತು ಕಟ್ಟಡಾದಿಗಳ ನಷ್ಟಕ್ಕೆ ಪರಿಹಾರವನ್ನು ಮಾತಾಡಿಕೊಂಡು ಕೊಡುವುದು, ಇಲ್ಲವೆ 1,000 ಡಾಲರುಗಳಿಗೆ ಕಡಿಮೆಯಿಲ್ಲದ ಜಾಮೀನು ಪತ್ರವನ್ನು ಬರೆದುಕೊಟ್ಟು ಒಳನುಗ್ಗುವುದು. ಮೂರನೆಯ ಮಾರ್ಗ ತೆರೆದಿರುವವರೆಗೆ ಮೊದಲನೆಯದಕ್ಕೆ ಬೆಲೆಯೆಲ್ಲಿಯದು? ರೈತನು ‘ಒಲ್ಲೆ’ ಎಂದರೂ ಕೊರೆಯುವ ಯಂತ್ರ ಬಂದೇ ಬರುತ್ತಿತ್ತು. ಇದನ್ನು ಮರೆತು ಈ ಒಡಂಬಡಿಕೆಗಳನ್ನು ಸಮಾನರ ನಡುವಣ ಕರಾರುಗಳೆಂದು ಬಗೆಯುವುದು ಚರಿತ್ರಕಾರನಿಗೆ ಸಲ್ಲದು.

1971ರಲ್ಲಿ ಟೆಕ್ಸಾಸಿನ ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿದ ಗೆಟ್ಟಿ ಆಯಿಲ್ ಕಂಪನಿ ಮತ್ತು ಜೋನ್ಸ್ ಎಂಬ ರೈತನ ನಡುವಣ ವ್ಯಾಜ್ಯವು ಇಲ್ಲಿ ವಿಶೇಷವಾಗಿ ಗಮನಾರ್ಹವಾದುದು. ಜೋನ್ಸನು ಗೇನ್ಸ್ ಕೌಂಟಿಯ ತನ್ನ 635 ಎಕರೆಗಳಲ್ಲಿ ತಾನಾಗಿಯೇ ಹೊಲವನ್ನು ಸುತ್ತಿ ನೀರು ಸಿಂಪಡಿಸುವ ಯಂತ್ರಗಳನ್ನು ಹೂಡಿದ್ದನು. ನೆಲದಿಂದ ಸುಮಾರು 7 ಅಡಿ ಎತ್ತರದವರೆಗಿನ ವಸ್ತುಗಳನ್ನು ಮಾತ್ರ ಅವು ದಾಟಬಲ್ಲವು. ಕಂಪನಿಯು 17 ಅಡಿ ಮತ್ತು 34 ಅಡಿ ಎತ್ತರದ ಪಂಪುಗಳನ್ನು ನಿಲ್ಲಿಸಿತು. ನೀರಿನ ಯಂತ್ರ ಮುಂದೆ ಸರಿಯದಾಯಿತು. ಅದೇ ಭೂಮಿಯಲ್ಲಿ ಬೇರೊಂದು ಕಂಪನಿಯು ತನ್ನ ಪಂಪುಗಳನ್ನು ನೆಲದೊಳಗೆ ಕಟ್ಟಿದ ಗುಂಡಿಗಳಲ್ಲಿ ಇಳಿಸಿದ್ದಿತು. ಮೊದಲೇ ನಡೆದುಬಂದ ಬೇಸಾಯವಿದ್ದು, ಅದಕ್ಕೆ ಅಡ್ಡಿಯಾಗದ ರೂಢಿಯ ವಿಧಾನವೂ ಕಂಪನಿಗೆ ಲಭ್ಯವಿದ್ದರೆ, ಅದನ್ನು ಅನುಸರಿಸಬೇಕಾಗಬಹುದೆಂದು ನ್ಯಾಯಾಲಯವು ಹೇಳಿ, ಮೊಕದ್ದಮೆಯನ್ನು ಮರುವಿಚಾರಣೆಗೆ ಕಳುಹಿಸಿತು. ಕಂಪನಿಯ ಹಕ್ಕು ಅಳಿಯಲಿಲ್ಲ. ಅದಕ್ಕೊಂದು ಮೇರೆ ಬಂದಿತು.

ಬೇರೆ ರಾಜ್ಯಗಳು ಕಾಯಿದೆಯ ಮಾರ್ಗವನ್ನು ಹಿಡಿದವು. ಉತ್ತರ ಡಕೋಟ 1979ರಲ್ಲಿಯೂ, ಓಕ್ಲಹೋಮ 1982ರಲ್ಲಿಯೂ, ವಯೋಮಿಂಗ್ 2005ರಲ್ಲಿಯೂ, ನ್ಯೂ ಮೆಕ್ಸಿಕೊ 2007ರಲ್ಲಿಯೂ ಮೇಲ್ಮೈಯ ಒಡೆಯನಿಗೆ ರಕ್ಷಣೆಯನ್ನು ಒದಗಿಸಿದವು. ಇವುಗಳಲ್ಲಿ ಉತ್ತರ ಡಕೋಟದ ಒಂದು ನಿಯಮ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ತೋರುತ್ತದೆ. ಕಂಪನಿಯು ಕೊಡಬಂದ ಪರಿಹಾರವನ್ನು ನಿರಾಕರಿಸಿ ರೈತನು ನ್ಯಾಯಾಲಯಕ್ಕೆ ಹೋಗಿ ಅದಕ್ಕಿಂತ ಹೆಚ್ಚಿನ ಮೊತ್ತವನ್ನು ಪಡೆದರೆ, ಅವನ ವಕೀಲರ ವೆಚ್ಚವೂ ಕಂಪನಿಯ ತಲೆಯ ಮೇಲೆಯೇ ಬೀಳುವುದು. ಮಾತುಕತೆಯ ಮೊದಲ ದಿನವೇ ಈ ಲೆಕ್ಕ ಇಬ್ಬರ ಮನಸ್ಸಿನಲ್ಲಿಯೂ ಇರುತ್ತದೆ.

ಬಾವಿಯ ಸ್ಥಳ, ದಾರಿಯ ಅಗಲ, ಬೇಲಿಯ ದುರಸ್ತಿ, ಮೇಲ್ಮಣ್ಣನ್ನು ಬೇರೆಯಾಗಿ ರಾಶಿಹಾಕಿ ಕೊನೆಗೆ ಮರಳಿ ಹರಡುವುದು—ಇಂಥವು ಈ ಒಡಂಬಡಿಕೆಗಳ ಸಾಮಾನ್ಯ ವಿಷಯಗಳು. ಬಾವಿಯನ್ನು ಮತ್ತೊಂದು ಕಂಪನಿಗೆ ಮಾರಿದಾಗ ಹೊಸಬನೂ ಈ ಷರತ್ತುಗಳಿಗೆ ಬದ್ಧನೆಂಬ ವಾಕ್ಯವನ್ನು ಬರೆಯಿಸಿಕೊಳ್ಳುವುದು ಇವೆಲ್ಲಕ್ಕಿಂತ ಹೆಚ್ಚಿನದು. ಬಾವಿಯು ಬತ್ತುವ ಹೊತ್ತಿಗೆ, ಸಹಿ ಹಾಕಿದ ಕಂಪನಿಯೇ ಅಲ್ಲಿರುವುದೆಂಬ ಭರವಸೆಯಿಲ್ಲ.