ಕುಶಲರ ವಲಸೆ: ಜರ್ಮನಿಯ ಇತಿಹಾಸ ಕಲಿಸುವ ಪಾಠ

ನಾಡಿನ ಸಂಪತ್ತನ್ನು ಎಣಿಸುವಾಗ ನಾವು ಹೊಲಗದ್ದೆ, ಗಣಿ, ಕಾರ್ಖಾನೆಗಳನ್ನು ಲೆಕ್ಕಹಾಕುತ್ತೇವೆ. ಅಲ್ಲಿ ಬಾಳುವ ಜನರ ಕೈಯ ಕುಶಲತೆಯನ್ನೂ ಬುದ್ಧಿಯ ಬೆಳಕನ್ನೂ ಲೆಕ್ಕಕ್ಕೆ ಹಿಡಿಯುವುದು ಅವು ಕೈಬಿಟ್ಟುಹೋದ ಮೇಲೆಯೇ. ಹನ್ನೆರಡನೆಯ ಶತಮಾನದ ಕಲ್ಯಾಣದ ಕಥೆಯನ್ನು ಬಲ್ಲ ನಮ್ಮ ವಾಚಕರಿಗೆ ಇದು ಹೊಸ ಮಾತಲ್ಲ. ಸೊನ್ನಲಿಗೆಯಿಂದ ಸಿದ್ಧರಾಮರು, ಉಡುತಡಿಯಿಂದ ಅಕ್ಕಮಹಾದೇವಿ, ದೂರದ ಕಾಶ್ಮೀರದಿಂದ ಮೋಳಿಗೆಯ ಮಾರಯ್ಯನವರು ಅಲ್ಲಿಗೆ ಬಂದರೆಂದು ಪರಂಪರೆ ಹೇಳುತ್ತದೆ. ಕುಲವನ್ನು ಕೇಳದೆ ಕಾಯಕವನ್ನು ಮನ್ನಿಸಿದ ಊರಾದುದರಿಂದ ಅವರು ಬಂದರು. ಆ ಮನ್ನಣೆ ಮುರಿದಾಗ ಶರಣರು ದಿಕ್ಕುದಿಕ್ಕಿಗೆ ಚದುರಿದರು, ಕಲ್ಯಾಣ ಬರಿದಾಯಿತು. ಇಂತಹದೇ ಏರಿಳಿತವನ್ನು ಆಧುನಿಕ ಕಾಲದಲ್ಲಿ ಕಾಣಬೇಕಾದರೆ ಜರ್ಮನಿಯ ಇತಿಹಾಸವನ್ನು ನೋಡಬೇಕು. ಅದರ ಒಂದು ಎಳೆ ನಮ್ಮ ಬೆಂಗಳೂರಿನವರೆಗೂ ಚಾಚಿಕೊಂಡಿದೆ.

1618ರಿಂದ 1648ರವರೆಗೆ ನಡೆದ ಮೂವತ್ತು ವರ್ಷಗಳ ಯುದ್ಧದಲ್ಲಿ ಬ್ರಾಂಡೆನ್‌ಬರ್ಗ್ ಎಂಬ ಜರ್ಮನ್ ಸಂಸ್ಥಾನ ಹಾಳುಬಿದ್ದಿತು. ಊರುಗಳಲ್ಲಿ ಜನರಿರಲಿಲ್ಲ, ಕಸುಬುಗಳನ್ನು ಬಲ್ಲವರಿರಲಿಲ್ಲ. ಅತ್ತ ಫ್ರಾನ್ಸಿನಲ್ಲಿ ಪ್ರಾಟೆಸ್ಟೆಂಟರಿಗೆ 1598ರಲ್ಲಿ ದೊರೆತಿದ್ದ ಧರ್ಮಸ್ವಾತಂತ್ರ್ಯವನ್ನು ಹದಿನಾಲ್ಕನೆಯ ಲೂಯಿ ದೊರೆಯು 1685ರ ಅಕ್ಟೋಬರಿನಲ್ಲಿ ರದ್ದುಗೊಳಿಸಿದನು. ಹ್ಯೂಗನಾಟರೆಂದು ಹೆಸರಾದ ಆ ಜನರಲ್ಲಿ ರೇಷ್ಮೆ ನೇಯುವವರು, ಗಡಿಯಾರ ಮಾಡುವವರು, ವರ್ತಕರು, ವಿದ್ವಾಂಸರು ಬಹಳ ಮಂದಿ ಇದ್ದರು. ದೇಶ ಬಿಟ್ಟುಹೋಗುವುದನ್ನು ರಾಜಾಜ್ಞೆ ನಿಷೇಧಿಸಿದ್ದರೂ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಗುಟ್ಟಾಗಿ ಗಡಿ ದಾಟಿದರು. ಬ್ರಾಂಡೆನ್‌ಬರ್ಗಿನ ಅರಸ ಫ್ರೆಡರಿಕ್ ವಿಲಿಯಮ್ ಕೆಲವೇ ವಾರಗಳಲ್ಲಿ ಪಾಟ್ಸ್‌ಡ್ಯಾಮ್ ಶಾಸನವನ್ನು ಹೊರಡಿಸಿ ಅವರನ್ನು ತನ್ನ ನಾಡಿಗೆ ಆಹ್ವಾನಿಸಿದನು. ಮನೆ ಕಟ್ಟಲು ನೆಲ, ತೆರಿಗೆಯಲ್ಲಿ ವಿನಾಯಿತಿ, ತಮ್ಮ ಭಾಷೆಯಲ್ಲಿಯೇ ಪ್ರಾರ್ಥನೆ ಸಲ್ಲಿಸುವ ಹಕ್ಕು ಇವೆಲ್ಲವನ್ನೂ ಕೊಟ್ಟನು. ಸುಮಾರು 20,000 ಮಂದಿ ಅಲ್ಲಿ ನೆಲೆಸಿದರು. 1700ರ ವೇಳೆಗೆ ಬರ್ಲಿನ್ ನಗರದ ಐವರಲ್ಲಿ ಒಬ್ಬರು ಹೀಗೆ ಬಂದವರೇ ಆಗಿದ್ದರು. ಫ್ರಾನ್ಸು ಕಳೆದುಕೊಂಡ ಕಸುಬುಗಳು ಬರ್ಲಿನ್ನಿನಲ್ಲಿ ಬೇರೂರಿದವು.

ಬಂದವರಿಗೆ ಹೀಗೆ ಆಶ್ರಯ ನೀಡಿದ್ದ ನಾಡೇ ಎರಡೂವರೆ ಶತಮಾನಗಳ ತರುವಾಯ ತನ್ನವರನ್ನು ಹೊರದೂಡಿತು. 1933ರ ಜನವರಿಯಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದನು. ಏಪ್ರಿಲ್ 7ರಂದು ಜಾರಿಯಾದ ಕಾಯಿದೆಯು ಯೆಹೂದಿ ವಂಶದವರನ್ನೂ ರಾಜಕೀಯ ವಿರೋಧಿಗಳನ್ನೂ ಸರಕಾರಿ ಸೇವೆಯಿಂದ ತೆಗೆದುಹಾಕಿತು. ಅಜ್ಜ ಅಜ್ಜಿಯರಲ್ಲಿ ಒಬ್ಬರು ಯೆಹೂದಿಯಾಗಿದ್ದರೂ ಸಾಕು, ನೌಕರಿ ಹೋಗುತ್ತಿತ್ತು. ವಿಶ್ವವಿದ್ಯಾಲಯದ ಪ್ರಾಧ್ಯಾಪಕರೂ ಅಲ್ಲಿ ಸರಕಾರಿ ನೌಕರರೇ. ಗಣಿತ ಮತ್ತು ಭೌತವಿಜ್ಞಾನಗಳ ಕಾಶಿಯಂತಿದ್ದ ಗಟಿಂಗೆನ್ ಒಂದೇ ವರ್ಷದಲ್ಲಿ ಬರಿದಾಯಿತು. ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್, ಗಣಿತಜ್ಞ ರಿಚರ್ಡ್ ಕೂರಾಂಟ್, ಗಣಿತ ವಿದುಷಿ ಎಮ್ಮಿ ನೋದರ್ ಸ್ಥಾನಗಳನ್ನು ಕಳೆದುಕೊಂಡರು. ನೊಬೆಲ್ ಪಾರಿತೋಷಕ ಪಡೆದಿದ್ದ ಜೇಮ್ಸ್ ಫ್ರಾಂಕ್ ಮೊದಲ ಮಹಾಯುದ್ಧದಲ್ಲಿ ಹೋರಾಡಿದ್ದವರಾದುದರಿಂದ ಕಾಯಿದೆಯ ಹಿಡಿತಕ್ಕೆ ಸಿಕ್ಕಿರಲಿಲ್ಲ. ಆದರೂ ತಮ್ಮವರಿಗೆ ಒದಗಿದ ಅನ್ಯಾಯವನ್ನು ಸಹಿಸಲಾರದೆ ತಾವಾಗಿಯೇ ರಾಜೀನಾಮೆಯಿತ್ತರು.

ಹೋದವರು ಹೋದೆಡೆಯಲ್ಲೆಲ್ಲ ಫಲಕೊಟ್ಟರು. ಐನ್‌ಸ್ಟೈನರು ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ನೆಲೆಸಿದರು. ಬರ್ಲಿನ್ ಬಿಟ್ಟು ಇಂಗ್ಲೆಂಡಿಗೆ ಹೋದ ಅರ್ನ್ಸ್ಟ್ ಚೇನ್ ಆಕ್ಸ್‌ಫರ್ಡಿನಲ್ಲಿ ಪೆನಿಸಿಲಿನ್ ಔಷಧವನ್ನು ಸಿದ್ಧಪಡಿಸಿದವರಲ್ಲಿ ಒಬ್ಬರಾದರು. ಫ್ರೈಬರ್ಗಿನ ಕೆಲಸ ಕಳೆದುಕೊಂಡ ಹ್ಯಾನ್ಸ್ ಕ್ರೆಬ್ಸ್ ಷೆಫೀಲ್ಡಿನಲ್ಲಿ ದೇಹವು ಅನ್ನದಿಂದ ಶಕ್ತಿ ಪಡೆಯುವ ಕ್ರಮವನ್ನು ಕಂಡುಹಿಡಿದರು. ತುರ್ಕಿಯು 1933ರಲ್ಲಿ ತನ್ನ ಇಸ್ತಾಂಬುಲ್ ವಿಶ್ವವಿದ್ಯಾಲಯವನ್ನು ಹೊಸದಾಗಿ ಕಟ್ಟುವಾಗ ಈ ನಿರಾಶ್ರಿತ ಪ್ರಾಧ್ಯಾಪಕರನ್ನೇ ಕರೆಸಿಕೊಂಡಿತು.

ಭಾರತಕ್ಕೂ ಅಂತಹ ಅವಕಾಶ ಒದಗಿತ್ತು. ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಸರ್ ಸಿ. ವಿ. ರಾಮನ್ನರು ಮ್ಯಾಕ್ಸ್ ಬಾರ್ನರನ್ನು ಆಹ್ವಾನಿಸಿದರು. 1935ರಲ್ಲಿ ಬಾರ್ನರು ಪತ್ನಿಯೊಡನೆ ಬಂದು ಸುಮಾರು ಆರು ತಿಂಗಳು ಇಲ್ಲಿ ಇದ್ದರು. ಅವರಿಗೆ ಶಾಶ್ವತ ಪ್ರಾಧ್ಯಾಪಕ ಹುದ್ದೆ ದೊರಕಿಸಲು ರಾಮನ್ನರು ಪ್ರಯತ್ನಿಸಿದರು. ಆದರೆ ಸಂಸ್ಥೆಯೊಳಗಿನ ವಿರಸ ಅಡ್ಡಬಂದಿತು. ಸ್ವಂತ ದೇಶದಿಂದಲೇ ಓಡಿಸಲ್ಪಟ್ಟ ಎರಡನೆಯ ದರ್ಜೆಯ ಪರಕೀಯನು ನಮಗೇಕೆ ಎಂಬ ಅರ್ಥದ ಮಾತನ್ನು ಆಂಗ್ಲ ಪ್ರಾಧ್ಯಾಪಕರೊಬ್ಬರು ತುಂಬಿದ ಸಭೆಯಲ್ಲಿ ಆಡಿದುದನ್ನು ಬಾರ್ನರು ತಮ್ಮ ಆತ್ಮಕಥೆಯಲ್ಲಿ ನೋವಿನಿಂದ ಸ್ಮರಿಸಿದ್ದಾರೆ. ಹುದ್ದೆ ಮಂಜೂರಾಗಲಿಲ್ಲ. 1936ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯ ಅವರಿಗೆ ಪೀಠ ನೀಡಿತು. 1954ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ಜರ್ಮನಿ ಅವರ ವಂಶವನ್ನು ಕೇಳಿತು, ಬೆಂಗಳೂರು ಅವರ ದೇಶವನ್ನು ಕೇಳಿತು. ಎರಡು ಕಡೆಯೂ ವಿದ್ಯೆಯನ್ನು ಕೇಳುವವರು ಸೋತರು.

ಬಾರ್ನರ ಸೋದರಳಿಯ, ವಾಸ್ತುಶಿಲ್ಪಿ ಆಟೋ ಕೋನಿಗ್ಸ್‌ಬರ್ಗರರ ಕಥೆ ಸ್ವಲ್ಪ ಬೇರೆ. ಅವರೂ 1933ರಲ್ಲಿ ಜರ್ಮನಿ ಬಿಟ್ಟವರೇ. 1939ರಲ್ಲಿ ಮೈಸೂರು ಸಂಸ್ಥಾನ ಅವರನ್ನು ಮುಖ್ಯ ವಾಸ್ತುಶಿಲ್ಪಿಯ ಸ್ಥಾನಕ್ಕೆ ಕರೆಯಿತು. ವಿಜ್ಞಾನ ಸಂಸ್ಥೆಯ ಕೆಲವು ಕಟ್ಟಡಗಳು ಅವರು ರೂಪಿಸಿದವು. ಜಮ್‌ಷೆಡ್‌ಪುರ ಮತ್ತು ಭುವನೇಶ್ವರ ನಗರಗಳ ಯೋಜನೆಗಳನ್ನೂ ಅವರು ರಚಿಸಿಕೊಟ್ಟರು. ಸ್ವತಂತ್ರ ಭಾರತದ ವಸತಿ ಇಲಾಖೆಯಲ್ಲಿ ದುಡಿದು 1951ರಲ್ಲಿ ಲಂಡನ್ನಿಗೆ ತೆರಳಿ, ಬಿಸಿಲನಾಡುಗಳಿಗೆ ಒಪ್ಪುವ ಕಟ್ಟಡಗಳ ಶಾಸ್ತ್ರವನ್ನು ಅಲ್ಲಿ ಬೋಧಿಸಿದರು. ಆಶ್ರಯವಿತ್ತ ನಾಡಿಗೆ ಹನ್ನೆರಡು ವರ್ಷಗಳ ಕಾಯಕ ಸಂದಿತು. ಇಲ್ಲಿ ಪಡೆದ ಅನುಭವ ಲೋಕಕ್ಕೆ ಸಂದಿತು.

ಯುದ್ಧಾನಂತರವೂ ಜರ್ಮನಿಗೆ ಇದೇ ಪಾಠ ಪುನಃ ಎದುರಾಯಿತು. 1949ರಿಂದ 1961ರವರೆಗೆ ಪೂರ್ವ ಜರ್ಮನಿಯಿಂದ ಪಶ್ಚಿಮಕ್ಕೆ ಸುಮಾರು 27 ಲಕ್ಷ ಜನ ಹೋದರು. ಅವರಲ್ಲಿ ವೈದ್ಯರು, ಎಂಜಿನಿಯರರು, ಅಧ್ಯಾಪಕರು ಬಹುಸಂಖ್ಯೆಯಲ್ಲಿದ್ದರು. ಅದನ್ನು ತಡೆಯಲು ಪೂರ್ವದ ಸರಕಾರ 1961ರ ಆಗಸ್ಟ್ 13ರಂದು ಬರ್ಲಿನ್ನಿನಲ್ಲಿ ಗೋಡೆಯೆಬ್ಬಿಸಿತು. ಗೋಡೆ ದೇಹಗಳನ್ನು ತಡೆಯಿತು, ಮನಸ್ಸನ್ನು ಒಲಿಸಲಿಲ್ಲ. 1989ರಲ್ಲಿ ಅದು ಉರುಳಿತು. ಒಂದಾದ ಜರ್ಮನಿಗೆ 2000ದಲ್ಲಿ ಕಂಪ್ಯೂಟರ್ ತಜ್ಞರ ಅಭಾವವಾದಾಗ ಪರದೇಶದ 20,000 ಮಂದಿಗೆ ಐದು ವರ್ಷಗಳ ಪರವಾನಗಿ ಕೊಡುವುದಾಗಿ ಸಾರಿತು. ಅದೇ ವರ್ಷ ಒಂದು ಪ್ರಾಂತದ ಚುನಾವಣೆಯಲ್ಲಿ ಭಾರತೀಯರ ಬದಲು ನಮ್ಮ ಮಕ್ಕಳೇ ಸಾಕೆಂಬ ಘೋಷಣೆಯೂ ಕೇಳಿಬಂದಿತು. ಬಂದವರಲ್ಲಿ ಭಾರತೀಯರೇ ಹೆಚ್ಚು. ಆದರೂ ಆ ಸಂಖ್ಯೆ ಭರ್ತಿಯಾಗಲಿಲ್ಲ. ಐದು ವರ್ಷಕ್ಕೆ ಮಾತ್ರ ಕರೆಯುವ ಮನೆಗೆ ಸಂಸಾರ ಕಟ್ಟಿಕೊಂಡು ಯಾರು ಹೋದಾರು? ಕುಶಲರ ಪ್ರವೇಶವನ್ನು ಸುಗಮಗೊಳಿಸುವ ಹೊಸ ಕಾಯಿದೆಯನ್ನು ಆ ದೇಶ 2020ರ ಮಾರ್ಚಿನಲ್ಲಿ ಜಾರಿಗೆ ತರಬೇಕಾಯಿತು.

ನಮ್ಮ ಮಠಗಳ ಪ್ರಸಾದನಿಲಯಗಳಲ್ಲಿ ಉಂಡು ಓದಿದ ಅನೇಕರು ಇಂದು ಸಾಗರದಾಚೆ ವೈದ್ಯರಾಗಿ, ಎಂಜಿನಿಯರರಾಗಿ ದುಡಿಯುತ್ತಿದ್ದಾರೆ. ಇದನ್ನು ಪ್ರತಿಭಾ ಪಲಾಯನವೆಂದು ಜರೆಯುವುದು ಸುಲಭ. ಆದರೆ ಹೋದವರನ್ನು ದೂರುವ ಮುನ್ನ ಉಳಿದವರಿಗೆ ನಾವು ಏನು ಕೊಟ್ಟೆವೆಂಬುದನ್ನು ಕೇಳಿಕೊಳ್ಳಬೇಕು. ಅರ್ಹನು ಹುದ್ದೆ ಕೇಳಿ ಬಂದಾಗ ಅವನ ಜಾತಿ, ಊರು, ಬೆಂಬಲಿಗರನ್ನು ವಿಚಾರಿಸುವ ಸಮಿತಿ ಇರುವವರೆಗೆ 1936ರ ಬೆಂಗಳೂರಿನ ಸಭೆ ಮುಗಿದಿಲ್ಲವೆಂದೇ ತಿಳಿಯಬೇಕು. ಹೋದವರಿಗೂ ಒಂದು ಮಾತು ಉಂಟು. ಕಾಯಕಕ್ಕೆ ದೇಶದ ಗಡಿಯಿಲ್ಲ, ನಿಜ. ಆದರೆ ಕಾಯಕದ ಜೊತೆಗೆ ದಾಸೋಹವೂ ಉಂಟು. ಬೇರೆಯವರ ಮುಷ್ಟಿಭಿಕ್ಷೆಯ ಅನ್ನದಿಂದ ಬಂದ ವಿದ್ಯೆಯಲ್ಲಿ ಒಂದು ಪಾಲು ಹಿಂದಿರುಗಬೇಕು. ಹಣವಾಗಿಯೇ ಹಿಂದಿರುಗಬೇಕೆಂದೇನೂ ಇಲ್ಲ. ಇಲ್ಲಿಯ ಒಬ್ಬ ಬಡ ವಿದ್ಯಾರ್ಥಿಗೆ ದಾರಿ ತೋರಿಸಿದರೂ ಆ ಋಣದ ಒಂದು ಪಾಲು ಸಂದಂತೆಯೇ.