ಜ್ವರದ ಕಾಲಮ್ಮಿನಲ್ಲಿ ಹುತ್ರಿದುರ್ಗ: ಹಳೆಯ ವೈದ್ಯಕೀಯ ಕಡತಗಳನ್ನು ಓದುವ ಬಗೆ

ಹುತ್ರಿದುರ್ಗದ ಕೋಟೆಯ ಬಗ್ಗೆ ಬರೆದವರು ಬಹಳ. ಕೆಂಪೇಗೌಡರ ವಂಶದ ದುರ್ಗಗಳ ಪಟ್ಟಿಯಲ್ಲಿ ಅದಕ್ಕೆ ಸ್ಥಾನವಿದೆ. 1791ರ ಡಿಸೆಂಬರ್ 21ರಂದು ಸಾವನದುರ್ಗ ಬಿದ್ದ ಕೆಲವೇ ದಿನಗಳಲ್ಲಿ ಕಾರ್ನ್‌ವಾಲಿಸನ ಸೇನೆ ಇದನ್ನೂ ಹಿಡಿದದ್ದು ಮೂರನೆಯ ಮೈಸೂರು ಯುದ್ಧದ ವರದಿಗಳಲ್ಲಿ ದಾಖಲಾಗಿದೆ. ಆದರೆ ಬೆಟ್ಟದ ಬುಡದ ಸಂತೆಪೇಟೆಯಲ್ಲಿ, ಹೋಬಳಿಯ ಉಳಿದ ಹಳ್ಳಿಗಳಲ್ಲಿ ಬಾಳಿದ ಜನ ಯಾವ ಯಾವ ಕಾಯಿಲೆಗೆ ಮಲಗಿದರು, ಯಾವುದರಿಂದ ಸತ್ತರು ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುವವರು ಕೋಟೆಯ ಇತಿಹಾಸಕಾರರು ನೋಡದ ಕಾಗದಗಳನ್ನು ನೋಡಬೇಕು. ಆ ಕಾಗದ ಬರೆದವರು ವೈದ್ಯರಲ್ಲ ಎಂಬುದನ್ನು ಮೊದಲೇ ನೆನಪಿಡಬೇಕು.

ವೈದ್ಯರು ಬರೆದದ್ದೆಲ್ಲ ವೈದ್ಯಕೀಯ ಆಕರವೂ ಅಲ್ಲ. 1800ರಲ್ಲಿ ತುಮಕೂರು, ಗುಬ್ಬಿ ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ವೃತ್ತಿಯಿಂದ ವೈದ್ಯ. ಆದರೂ ಅವನ ಪ್ರವಾಸ ಕಥನದಲ್ಲಿ ಕಾಯಿಲೆಗಿಂತ ಬೆಳೆ, ಗುಬ್ಬಿಯ ಸಂತೆ, ಜಾತಿಗಳ ವಿವರವೇ ಹೆಚ್ಚು. ಕಂಪನಿ ಸರ್ಕಾರ ಅವನನ್ನು ಕಳಿಸಿದ್ದು ಬೇಸಾಯ, ವ್ಯಾಪಾರಗಳ ಲೆಕ್ಕ ತರಲು. ದಾಖಲೆ ಯಾರ ಕೈಯಿಂದ ಬಂತು ಎನ್ನುವುದಕ್ಕಿಂತ ಯಾರ ಅಗತ್ಯಕ್ಕೆ ಬಂತು ಎಂದು ಕೇಳುವುದು ಲೇಸು.

ಮೈಸೂರು ಸಂಸ್ಥಾನದಲ್ಲಿ ಹಳ್ಳಿಯ ಸಾವು ಸರ್ಕಾರಕ್ಕೆ ತಲುಪುತ್ತಿದ್ದ ದಾರಿಯನ್ನೇ ನೋಡಿ. ಸುದ್ದಿ ತರುವವನು ತೋಟಿ ಅಥವಾ ತಳವಾರ. ಪಟೇಲನ ಹೊಣೆ, ಶಾನುಭೋಗನ ಲೇಖನಿ. ಅಲ್ಲಿಂದ ಹೋಬಳಿಯ ಶೇಕದಾರ, ತಾಲ್ಲೂಕಿನ ಅಮಲ್ದಾರ, ಜಿಲ್ಲೆಯ ಡೆಪ್ಯುಟಿ ಕಮೀಷನರ್, ಕೊನೆಗೆ ಬೆಂಗಳೂರಿನ ಸ್ಯಾನಿಟರಿ ಕಮೀಷನರ್. ಹೆಣ ನೋಡಿ ಕಾರಣ ಹೇಳುವ ಡಾಕ್ಟರು ಈ ಸಾಲಿನಲ್ಲಿ ಎಲ್ಲೂ ಇಲ್ಲ. ಶಾನುಭೋಗನ ಮುಂದಿದ್ದ ನಮೂನೆಯಲ್ಲಿ ಕಾಲರಾ, ಸಿಡುಬು, ಪ್ಲೇಗು, ಭೇದಿ, ಜ್ವರ, ಗಾಯ, ಇತರೆ ಎಂಬಂಥ ಕೆಲವೇ ಕಾಲಮ್ಮುಗಳು. ಸಿಡುಬನ್ನು ಯಾರೂ ಗುರುತಿಸಬಹುದು. ವಾಂತಿಭೇದಿಯನ್ನೂ ಗುರುತಿಸಬಹುದು. ಮಲೇರಿಯ, ಟೈಫಾಯಿಡ್, ನ್ಯುಮೋನಿಯ, ಬಾಣಂತಿಯ ನಂಜು ಎಲ್ಲವೂ ಜ್ವರದ ಕಾಲಮ್ಮಿಗೇ ಬೀಳುತ್ತಿದ್ದವು. ಹೀಗಾಗಿ ಆ ಕಾಲದ ಮರಣ ಪಟ್ಟಿಗಳಲ್ಲೆಲ್ಲ ಜ್ವರದ ಮೊತ್ತವೇ ದೊಡ್ಡದು. ಅದನ್ನು ಮಲೇರಿಯ ಎಂದು ಓದಿ ಮುಗಿಸಿದ ಲೇಖನಗಳು ನಮ್ಮಲ್ಲಿ ಬೇಕಾದಷ್ಟಿವೆ. ಸರಿಯಾದ ಓದಲ್ಲ ಅದು.

1918 ಇದಕ್ಕೆ ಒಳ್ಳೆಯ ಪರೀಕ್ಷೆ. ಆ ವರ್ಷ ಸೆಪ್ಟೆಂಬರಿನಿಂದ ನವೆಂಬರಿನವರೆಗೆ ಇನ್ಫ್ಲುಯೆಂಜಾದ ಎರಡನೆಯ ಅಲೆ ಸಂಸ್ಥಾನವನ್ನು ಬಡಿಯಿತು. ಮುಂಗಾರು ದೇಶದ ಬಹುಭಾಗದಲ್ಲಿ ಕೈಕೊಟ್ಟಿತ್ತು, ಯುದ್ಧದಿಂದ ಧಾನ್ಯದ ಬೆಲೆ ಏರಿತ್ತು. ಅಂಕಿಅಂಶಗಳ ಮೇಲೆ ಅಪಾರ ನಂಬಿಕೆಯಿದ್ದ ವಿಶ್ವೇಶ್ವರಯ್ಯನವರ ದಿವಾನಗಿರಿಯ ಕೊನೆಯ ತಿಂಗಳುಗಳು ಅವು. ಸಂಸ್ಥಾನದಲ್ಲಿ ಸತ್ತವರು ಎರಡು ಲಕ್ಷದ ಆಸುಪಾಸು ಎಂಬ ಅಂದಾಜಿದೆ. 1911ರಲ್ಲಿ 58,06,193 ಇದ್ದ ಜನಸಂಖ್ಯೆ 1921ಕ್ಕೆ 59,78,892 ಆಯಿತು. ಹತ್ತು ವರ್ಷದಲ್ಲಿ ನೂರಕ್ಕೆ ಮೂರರಷ್ಟೂ ಏರಲಿಲ್ಲ. ಈ ಸಾಂಕ್ರಾಮಿಕವನ್ನು ಮೈಸೂರಿನ ಆಡಳಿತ ಹೇಗೆ ಎದುರಿಸಿತು ಎಂಬುದನ್ನು ಟಿ. ವಿ. ಶೇಖರ್ ಅವರು 2007ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ ವಿವರಿಸಿದ್ದಾರೆ. ಅದು ಸಂಸ್ಥಾನದ ಮಟ್ಟದ ಚಿತ್ರ. ಹೋಬಳಿಯ ಮಟ್ಟಕ್ಕೆ ಇಳಿದರೆ ತೊಡಕು ಶುರುವಾಗುತ್ತದೆ, ಏಕೆಂದರೆ ಶಾನುಭೋಗನ ನಮೂನೆಯಲ್ಲಿ ಇನ್ಫ್ಲುಯೆಂಜಾಕ್ಕೆ ಕಾಲಮ್ಮೇ ಇರಲಿಲ್ಲ. ಅದೂ ಜ್ವರವೇ ಆಯಿತು.

ಹಾಗೆಂದು ಆ ಕಾಲಮ್ಮು ನಿರುಪಯೋಗಿಯಲ್ಲ. ಕಾರಣ ಬರೆದ ಜಾಗ ಬಿಟ್ಟು ಅದರ ಪಕ್ಕದ ಜಾಗಗಳನ್ನು ಓದಬೇಕು: ತಿಂಗಳು ಮತ್ತು ವಯಸ್ಸು. ಮಲೇರಿಯ ಬೀಡುಬಿಟ್ಟ ಊರುಗಳಲ್ಲಿ ಅದು ಹೆಚ್ಚಾಗಿ ಎಳೆಯ ಮಕ್ಕಳನ್ನು ಕೊಲ್ಲುತ್ತದೆ, ವರ್ಷ ವರ್ಷವೂ ಹೆಚ್ಚುಕಡಿಮೆ ಅದೇ ಋತುವಿನಲ್ಲಿ ಬರುತ್ತದೆ. 1918ರ ಜ್ವರ ಇಪ್ಪತ್ತರಿಂದ ನಲವತ್ತರ ಪ್ರಾಯದವರನ್ನು, ಅದರಲ್ಲೂ ಬಸುರಿ ಬಾಣಂತಿಯರನ್ನು ಒಯ್ದಿತು. ಆದ್ದರಿಂದ 1916, 1917, 1919ರ ಅಕ್ಟೋಬರ್ ಸಾವುಗಳನ್ನು 1918ರ ಅಕ್ಟೋಬರಿನ ಪಕ್ಕದಲ್ಲಿಟ್ಟು, ದುಡಿಯುವ ವಯಸ್ಸಿನವರ ಸಾವು ಎಷ್ಟು ಜಾಸ್ತಿಯಾಯಿತೆಂದು ಎಣಿಸಿದರೆ ಹೋಬಳಿಯ ಇನ್ಫ್ಲುಯೆಂಜಾ ಲೆಕ್ಕ ಸಿಗುತ್ತದೆ. ಮರುಪರೀಕ್ಷೆಗೆ ಜನನದ ಪುಸ್ತಕವಿದೆ: 1919ರ ನಡುವಿನ ತಿಂಗಳುಗಳಲ್ಲಿ ಹುಟ್ಟಿದ ಮಕ್ಕಳ ಸಂಖ್ಯೆ ಕುಸಿದಿರಬೇಕು. ಎರಡೂ ಹೊಂದಿದರೆ ಶಾನುಭೋಗನನ್ನು ನಂಬಬಹುದು. ಮರಣ ಏರಿ ಜನನ ಇಳಿಯದಿದ್ದರೆ ಬೇರೊಂದು ರೋಗವಿತ್ತೇ ಎಂದು ನೋಡಬೇಕು. ಎರಡೂ ಒಟ್ಟಿಗೆ ಸೊನ್ನೆಯತ್ತ ಇಳಿದಿದ್ದರೆ ಬಹುಶಃ ಬರೆಯುವವನೇ ಮಲಗಿದ್ದ. ಖಾಲಿ ಪುಟವೂ ಒಂದು ಸಾಕ್ಷಿ, ಆದರೆ ಅದನ್ನು ಆರೋಗ್ಯದ ಸಾಕ್ಷಿ ಎಂದು ತಿಳಿಯಬಾರದು.

ಪ್ಲೇಗಿನ ಕಡತಗಳ ಗುಣವೇ ಬೇರೆ. 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಸಂಸ್ಥಾನ ವಿ. ಪಿ. ಮಾಧವರಾಯರನ್ನು ಪ್ಲೇಗ್ ಕಮೀಷನರ್ ಆಗಿ ನೇಮಿಸಿತು. ಮಾರುಕಟ್ಟೆ, ರೈಲು, ರಾಜಧಾನಿ ಎಲ್ಲಕ್ಕೂ ಭಯ ತಂದ ರೋಗವಾದ್ದರಿಂದ ಅದರ ಕಾಗದ ವಿಪುಲವಾಗಿದೆ. ಜ್ವರದ ಕಾಲಮ್ಮು ಉದಾಸೀನದಿಂದ ದಪ್ಪಗಾದರೆ ಪ್ಲೇಗಿನ ಕಡತ ಹೆದರಿಕೆಯಿಂದ ದಪ್ಪಗಾಯಿತು. ಆದರೂ ಇಲ್ಲಿಯೂ ಎಚ್ಚರ ಬೇಕು. ಮನೆ ಸುಣ್ಣ ಬಳಿಸುತ್ತಾರೆ, ಊರು ಬಿಡಿಸುತ್ತಾರೆ ಎಂದು ಹೆದರಿದವರು ಪ್ಲೇಗಿನ ಸಾವನ್ನು ಜ್ವರ ಎಂದು ಬರೆಸಿದ್ದು ದೇಶದಾದ್ಯಂತ ಕಂಡ ಸಂಗತಿ. ಇತ್ತ ನಮ್ಮ ಹಳ್ಳಿಗರಿಗೆ ಸರ್ಕಾರ ಹೇಳುವ ಮೊದಲೇ ಗೊತ್ತಾಗುತ್ತಿತ್ತು: ಇಲಿ ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಬೇಕು. ಅಂಥ ವಲಸೆಯ ಜಾಡು ಆಸ್ಪತ್ರೆಯ ಕಾಗದದಲ್ಲಿ ಸಿಗದಿದ್ದರೂ ಶಾಲೆಯ ಹಾಜರಿ ಪುಸ್ತಕದಲ್ಲಿ, ಸಂತೆಯ ಹರಾಜಿನಲ್ಲಿ, ಕಂದಾಯ ಬಾಕಿಯ ಲೆಕ್ಕದಲ್ಲಿ ಸಿಗಬಹುದು.

ತುಮಕೂರು ಜಿಲ್ಲೆಗೆ ಇದರಲ್ಲೊಂದು ಚೆನ್ನಾದ ಸಂಶೋಧನಾ ಪ್ರಶ್ನೆ ಅಡಗಿದೆ. ತುಮಕೂರಿಗೂ ಗುಬ್ಬಿಗೂ ರೈಲು 1880ರ ದಶಕದಲ್ಲೇ ಬಂತು. ಹುತ್ರಿದುರ್ಗದ ತಾಲ್ಲೂಕು ಕೇಂದ್ರವಾದ ಕುಣಿಗಲ್ಲಿಗೆ ಬಂದದ್ದು 2017ರಲ್ಲಿ. ಧಾನ್ಯದ ಮೂಟೆಯ ಜೊತೆ ಇಲಿ, ಚಿಗಟ ಸಾಗುವ ರೋಗ ಪ್ಲೇಗು. ಕೊಬ್ಬರಿ ಅಡಕೆಯ ಪೇಟೆಯಾದ ಗುಬ್ಬಿಯೂ, ಗಾಡಿ ದಾರಿಯ ಹುತ್ರಿದುರ್ಗವೂ ಅದನ್ನು ಒಂದೇ ವರ್ಷ, ಒಂದೇ ಪ್ರಮಾಣದಲ್ಲಿ ಕಂಡವೇ? ಎರಡೂ ತಾಲ್ಲೂಕುಗಳ ಪಟ್ಟಿ ಒಂದೇ ಜಿಲ್ಲಾ ಕಚೇರಿಗೆ ಹೋಗುತ್ತಿದ್ದುದರಿಂದ ಹೋಲಿಕೆ ಕಷ್ಟವಲ್ಲ. ದೊಡ್ಡ ಪೀಠಿಕೆಗಳಿಗಿಂತ ಇಂಥ ಚಿಕ್ಕ ಪ್ರಶ್ನೆಯಿಂದ ಕೆಲಸ ಸಾಗುತ್ತದೆ ಎಂಬುದು ನನ್ನ ಅನಿಸಿಕೆ.

1876-78ರ ಕ್ಷಾಮದ ಮಾತು ಚುಟುಕಾಗಿ. 1871ರಲ್ಲಿ 50,55,412 ಇದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿಯಿತು. ಮರಣ ನಮೂನೆಯಲ್ಲಿ ಹಸಿವಿಗೆ ಕಾಲಮ್ಮಿಲ್ಲ. ಸತ್ತವರು ಕಾಲರಾ, ಭೇದಿ, ಜ್ವರಗಳಲ್ಲಿ ಹಂಚಿಹೋದರು. ಆ ವರ್ಷಗಳ ಸಾವುಗಳನ್ನು ವೈದ್ಯಕೀಯ ವರದಿಗಳಿಂದ ಮಾತ್ರ ಲೆಕ್ಕ ಹಾಕಿದವರಿಗೆ ಕ್ಷಾಮವೇ ಕಾಣದೆ ಹೋಗಬಹುದು.

ಡಾಕ್ಟರೇ ಹಳ್ಳಿಗೆ ಬಂದು ಬರೆದ ಕಾಗದ ಬೇಕೆಂದರೆ 1920ರ ದಶಕದ ಕೊನೆಗೆ ಬರಬೇಕು. ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಮೈಸೂರಿನಲ್ಲಿ ಮಲೇರಿಯ ಸಮೀಕ್ಷೆ ನಡೆಯಿತು. ಮಂಡ್ಯದಲ್ಲಿ 1929ರಲ್ಲಿ, ಹುತ್ರಿದುರ್ಗಕ್ಕೆ ಇನ್ನೂ ಹತ್ತಿರದ ಕ್ಲೋಸ್‌ಪೇಟೆಯಲ್ಲಿ, ಎಂದರೆ ಈಗಿನ ರಾಮನಗರದಲ್ಲಿ, 1936ರಲ್ಲಿ ಆರೋಗ್ಯ ಘಟಕಗಳು ತೆರೆದವು. ಪ್ರತಿಷ್ಠಾನದ ಡಬ್ಲ್ಯೂ. ಸಿ. ಸ್ವೀಟ್ ಮತ್ತು ಜೊತೆಗಾರರು ಮಕ್ಕಳ ಹೊಟ್ಟೆ ಮುಟ್ಟಿ ಗುಲ್ಮದ ಊತ ಅಳೆದರು, ಸೊಳ್ಳೆಗಳನ್ನು ಹಿಡಿದು ಜಾತಿ ಗುರುತಿಸಿದರು. ಜ್ವರದಿಂದ ಮಲೇರಿಯವನ್ನು ಬೇರ್ಪಡಿಸಿದ್ದು ಈ ಅಳತೆ. ಆ ಪ್ರತಿಷ್ಠಾನದ ಪತ್ರಾಗಾರ ಇರುವುದು ನ್ಯೂಯಾರ್ಕ್ ರಾಜ್ಯದ ಸ್ಲೀಪಿ ಹಾಲೋದಲ್ಲಿ. ಮೈಸೂರು ಸರ್ಕಾರದ ಕಡೆಯ ಪತ್ರಗಳನ್ನು ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಹುಡುಕಬೇಕು. ಎರಡನ್ನೂ ಜೋಡಿಸದೆ ಒಂದನ್ನೇ ಓದಿದರೆ ಅಮೆರಿಕದವರೇ ಎಲ್ಲ ಮಾಡಿದರು ಅಥವಾ ದಿವಾನರೇ ಎಲ್ಲ ಮಾಡಿದರು ಎಂಬ ಕಥೆ ಹುಟ್ಟುತ್ತದೆ.

ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಹೋಗುವವರು ಕಡತಗಳ ಆಯುಷ್ಯದ ನಿಯಮವನ್ನೂ ತಿಳಿದಿರಬೇಕು. ಕೆಲವು ವರ್ಗದ ಕಾಗದ ಶಾಶ್ವತ, ಕೆಲವು ಹತ್ತು ವರ್ಷಕ್ಕೆ, ಕೆಲವು ಒಂದೇ ವರ್ಷಕ್ಕೆ ನಾಶಕ್ಕೆ ಅರ್ಹ. ಜಮೀನಿನ ಕಾಗದ ಉಳಿದಷ್ಟು ಜ್ವರದ ಕಾಗದ ಉಳಿಯದಿರುವುದು ಸಹಜ. ಪಟೇಲ ಶಾನುಭೋಗಿಕೆ 1963ರಲ್ಲಿ ರದ್ದಾದಾಗ ಪುಸ್ತಕಗಳು ಕೈಯಿಂದ ಕೈಗೆ ಹೋದವು ಎಂಬುದನ್ನೂ ಗಮನಿಸಬೇಕು.

ಕೊನೆಯದು ಹೆಸರುಗಳ ಸಮಸ್ಯೆ. 1847ರ ಸುಮಾರಿಗೆ ಚಾರ್ಲ್ಸ್ ಇರ್ವಿಂಗ್ ಸ್ಮಿತ್ ಬೆಂಗಳೂರಿನಲ್ಲಿ ಆರಂಭಿಸಿದ ಮಾನಸಿಕ ರೋಗಿಗಳ ಆಶ್ರಯವೇ ಮುಂದೆ ನಿಮ್ಹಾನ್ಸ್ ಆಗಿ ಬೆಳೆಯಿತು. ಅದರ ಹಳೆಯ ದಾಖಲೆಗಳ ಮೇಲೆ ಸಂಜೀವ್ ಜೈನ್, ಪ್ರತಿಮಾ ಮೂರ್ತಿ ಮೊದಲಾದ ವೈದ್ಯರೇ ಇತಿಹಾಸ ಬರೆದಿದ್ದಾರೆ. ಅಂಥ ಕಡೆ ರೋಗಿಗಳ ಹೆಸರು ತೆಗೆದರೆ ಸಾಕೆನಿಸುತ್ತದೆ. ಹುತ್ರಿದುರ್ಗದಂಥ ಹೋಬಳಿಯಲ್ಲಿ ಸಾಲದು. ಮೂವತ್ತು ಮನೆಯ ಹಳ್ಳಿ, ಜಾತಿ, ವಯಸ್ಸು, ಸತ್ತ ತಿಂಗಳು ಇಷ್ಟು ಅಚ್ಚಾದರೆ ಯಾವ ಮನೆಯವರೆಂದು ಊರಿಗೆ ತಿಳಿದುಬಿಡುತ್ತದೆ. ಕುಷ್ಠ, ಹುಚ್ಚು, ಬಾಣಂತಿ ಸಾವುಗಳ ನೆನಪು ನೂರು ವರ್ಷವಾದರೂ ಸಂಬಂಧ ಕೂಡಿಸುವಾಗ ಏಳುತ್ತದೆ. ಆದ್ದರಿಂದ ಹಳ್ಳಿವಾರು ಪಟ್ಟಿಯನ್ನು ಸಂಶೋಧಕ ತನ್ನ ಟಿಪ್ಪಣಿಯಲ್ಲಿ ಇಟ್ಟುಕೊಂಡು, ಅಚ್ಚಿಗೆ ಹೋಬಳಿಯ ಮೊತ್ತವನ್ನಷ್ಟೇ ಕೊಡುವುದು ಸರಿ.